ಬಾಗಿಲು-ಕಿಟಕಿಯ ಬಣ್ಣದಲ್ಲಿ ಸೀಸ: ಮಗುವಿಗೆ ಕೇಡಾದ್ರೆ ಜವಾಬ್ದಾರಿ ಯಾರದು?



ಹಬ್ಬ ಬಂತಂದ್ರೆ, ಮನೆಯಲ್ಲಿ ಲಗ್ನ ನಿಂತಿತಂದ್ರೆ ನಾವು ಮೊದಲು ಮಾಡುವ ಕೆಲಸ ಯಾವುದು? ಗೋಡೆಗೆ ಸುಣ್ಣ, ಬಾಗಿಲು-ಕಿಟಕಿಗೆ ಆಯಿಲ್ ಪೇಂಟ್. ಅದಕ್ಕಾಗಿ ಸಂಘದಲ್ಲಿ ಸಾಲ ಕೇಳುವವರೂ ಇದ್ದಾರೆ. ಸಾಲದ ಅರ್ಜಿಯಲ್ಲಿ ಬಣ್ಣ ಎಷ್ಟು ಲೀಟರ್, ಪೇಂಟರ್ ಕೂಲಿ ಎಷ್ಟು ಅಂತ ಕೇಳುತ್ತೇವೆ. ಬಣ್ಣದ ಡಬ್ಬಿಯ ಮೇಲೆ ಏನು ಬರೆದಿದೆ ಅಂತ ಯಾರೂ ಕೇಳುವುದಿಲ್ಲ. ಈ ಸಲ ಅದನ್ನೇ ಕೇಳೋಣ. ಯಾಕಂದ್ರೆ ಆ ಡಬ್ಬಿಯಲ್ಲಿ ಸೀಸ ಇರಬಹುದು. ಮರಾಠಿಯಲ್ಲಿ ಶಿಸೆ ಅಂತಾರಲ್ಲ, ಅದೇ. ಆ ಸೀಸ ಮಗುವಿನ ಮೈಯೊಳಗೆ ಹೋಗಿ ಕೇಡು ಮಾಡಿದರೆ ಕಾನೂನು ಯಾರನ್ನು ಹಿಡಿಯುತ್ತದೆ? ಬಣ್ಣ ಮಾಡಿದ ಕಂಪನಿಯನ್ನೋ, ಮಾರಿದ ಅಂಗಡಿಯವರನ್ನೋ, ಪೇಂಟರನ್ನೋ, ಮನೆ ಬಾಡಿಗೆಗೆ ಕೊಟ್ಟವರನ್ನೋ? ಬಾಡಿಗೆ ಮನೆಯಲ್ಲಿ ಇರುವ ಸದಸ್ಯರಿಗೂ ಇದು ಬೇಕು, ಮುಂದಿನ ಕೋಣೆ ಬಾಡಿಗೆಗೆ ಕೊಟ್ಟು ತಿಂಗಳಿಗೆ ನಾಲ್ಕು ಕಾಸು ಮಾಡಿಕೊಳ್ಳುವ ಸದಸ್ಯರಿಗೂ ಇದು ಬೇಕು.

ಬಣ್ಣಕ್ಕೂ ಸೀಸಕ್ಕೂ ಏನು ಸಂಬಂಧ?

ಆಯಿಲ್ ಪೇಂಟಿಗೆ ಗಾಢ ಹಳದಿ, ಕೆಂಪು, ಕಿತ್ತಳೆ, ಹಸಿರು ಬಣ್ಣ ಬರಲಿ, ಬೇಗ ಒಣಗಲಿ, ಬಹಳ ದಿನ ಬಾಳಲಿ ಅಂತ ಸೀಸದ ಪುಡಿ ಹಾಕುವ ರೂಢಿ ಇತ್ತು. ಬರೀ ಸುಣ್ಣದಲ್ಲಿ ಈ ಕಾಟ ಇಲ್ಲ. ನೀರು ಬೆರೆಸಿ ಹಚ್ಚುವ ಗೋಡೆ ಬಣ್ಣಗಳಲ್ಲಿಯೂ ಸೀಸ ಕಡಿಮೆ. ತೊಂದರೆ ಇರುವುದು ಎಣ್ಣೆಯ ಬಣ್ಣದಲ್ಲಿ. ಅಂದ್ರೆ ಬಾಗಿಲು, ಕಿಟಕಿ, ಗ್ರಿಲ್, ಕಪಾಟು, ತೊಟ್ಟಿಲು, ಅಂಗನವಾಡಿಯ ಜಾರುಬಂಡಿ, ಇಂಥವಕ್ಕೆ ಹಚ್ಚುವ ಬಣ್ಣದಲ್ಲಿ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಹಚ್ಚಿ ಉಳಿದ ಡಬ್ಬಿಯ ಬಣ್ಣವನ್ನು ಬಾಗಿಲಿಗೂ ಬಳಿದು ಮುಗಿಸುವ ಮನೆಗಳು ನಮ್ಮ ಕಡೆ ಇವೆ.

ಬಣ್ಣ ಗಟ್ಟಿಯಾಗಿ ಕೂತಿದ್ದರೆ ಮುಟ್ಟಿದ ಮಾತ್ರಕ್ಕೆ ಏನೂ ಆಗುವುದಿಲ್ಲ. ಹಳೆಯದಾಗಿ ಸಿಪ್ಪೆ ಎದ್ದು ಉದುರಿದಾಗ, ಬಾಗಿಲು ಚೌಕಟ್ಟಿಗೆ ಉಜ್ಜಿ ಉಜ್ಜಿ ಪುಡಿಯಾದಾಗ, ಪೇಂಟರ್ ಹೊಸ ಬಣ್ಣ ಹಚ್ಚುವ ಮುಂಚೆ ಹಳೆಯದನ್ನು ಕೆರೆದಾಗ ಧೂಳು ನೆಲಕ್ಕೆ ಬೀಳುತ್ತದೆ. ಅಂಬೆಗಾಲಿಡುವ ಕೂಸು ಅದೇ ನೆಲದ ಮೇಲೆ ಕೈಯಾಡಿಸಿ ಕೈ ಬಾಯಿಗೆ ಹಾಕುತ್ತದೆ. ಸೀಸದ ಬಣ್ಣದ ಸಿಪ್ಪೆ ತುಸು ಸಿಹಿ ಇರುತ್ತದೆ, ಹಾಗಾಗಿ ರುಚಿ ಕಂಡ ಕೂಸು ಮತ್ತೆ ಹೆಕ್ಕುತ್ತದೆ. ದೊಡ್ಡವರ ಹೊಟ್ಟೆಗೆ ಹೋದ ಸೀಸದಲ್ಲಿ ಸ್ವಲ್ಪ ಮಾತ್ರ ರಕ್ತಕ್ಕೆ ಸೇರಿದರೆ, ಸಣ್ಣ ಮಕ್ಕಳಲ್ಲಿ ಅದರ ನಾಲ್ಕೈದು ಪಟ್ಟು ಸೇರುತ್ತದೆ. ಮಗುವಿಗೆ ರಕ್ತ ಕಡಿಮೆ ಇದ್ದರೆ, ಸುಣ್ಣದ ಅಂಶ ಕಡಿಮೆ ಇದ್ದರೆ ಇನ್ನೂ ಹೆಚ್ಚು. ಬಸುರಿ ಹೆಂಗಸಿನ ಎಲುಬಿನಲ್ಲಿ ಹಿಂದೆಂದೋ ಕೂಡಿದ್ದ ಸೀಸ ಬಸುರಿನಲ್ಲಿ ಕರಗಿ ಬಂದು ಹೊಟ್ಟೆಯ ಕೂಸಿಗೆ ಮುಟ್ಟುತ್ತದೆ.

ಆಮೇಲೆ ಏನಾಗುತ್ತದೆ? ಜ್ವರ ಬರುವುದಿಲ್ಲ, ಗುಳ್ಳೆ ಏಳುವುದಿಲ್ಲ. ಮಗು ಪಾಠದಲ್ಲಿ ಹಿಂದೆ ಬೀಳುತ್ತದೆ, ಒಂದು ಕಡೆ ಕೂಡುವುದಿಲ್ಲ, ಸಿಟ್ಟು ಜಾಸ್ತಿ, ರಕ್ತ ಕಡಿಮೆ. ‘ನಮ್ಮ ಹುಡುಗ ದಡ್ಡ ರೀ’ ಅಂತ ನಾವೇ ಹೇಳಿ ಬಿಡುತ್ತೇವೆ. ಒಮ್ಮೆ ಮಿದುಳಿಗೆ ಆದ ಹಾನಿ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಇದನ್ನು ನಮ್ಮ ರಾಜ್ಯದಲ್ಲಿಯೇ ಮೊದಲು ಎತ್ತಿ ಹೇಳಿದವರು ಇದ್ದಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಇದಕ್ಕಾಗಿ ರಾಷ್ಟ್ರ ಮಟ್ಟದ ಕೇಂದ್ರವೊಂದನ್ನೇ ಕಟ್ಟಿದರು. ಜಾರ್ಜ್ ಫೌಂಡೇಶನ್ ಜೊತೆ ಸೇರಿ 1990ರ ದಶಕದ ಕೊನೆಗೆ ಬೆಂಗಳೂರು, ಚೆನ್ನೈ, ಮುಂಬೈ ಮುಂತಾದ ನಗರಗಳಲ್ಲಿ 20 ಸಾವಿರಕ್ಕೂ ಹೆಚ್ಚು ಜನರ ರಕ್ತ ಪರೀಕ್ಷೆ ಆಯಿತು. 12 ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿತ್ತು. ಈಗ 5 ದಾಟಿದರೇ ಮೂಲ ಹುಡುಕಿ ನಿಲ್ಲಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಇದೆ. ಆಗ ಪೆಟ್ರೋಲಿನಲ್ಲಿಯೂ ಸೀಸ ಇತ್ತು, ಅದು 2000ನೇ ಇಸವಿಯಲ್ಲಿ ದೇಶದ ತುಂಬ ನಿಂತಿತು. ಬಣ್ಣದ ಸೀಸಕ್ಕೆ ಕಾನೂನಿನ ಕಟ್ಟು ಬೀಳಲು ಇನ್ನೂ 17 ವರ್ಷ ಹಿಡಿಯಿತು.

ಹೊಸ ಡಬ್ಬಿಗೆ ಕಾನೂನು ಇದೆ

ಪರಿಸರ ಸಂರಕ್ಷಣಾ ಕಾಯ್ದೆ 1986ರ ಅಡಿಯಲ್ಲಿ ಕೇಂದ್ರ ಸರ್ಕಾರ 2016ರ ನವೆಂಬರ್ 1ರಂದು ಮನೆ ಬಣ್ಣಗಳ ಸೀಸದ ಬಗ್ಗೆ ನಿಯಮ ಹೊರಡಿಸಿತು. ಅದು 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಮನೆಗೆ, ಅಲಂಕಾರಕ್ಕೆ ಬಳಸುವ ಬಣ್ಣದಲ್ಲಿ 10 ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದು. ಲೆಕ್ಕಕ್ಕೆ ಸುಲಭ ಮಾಡಿ ಹೇಳಬೇಕೆಂದರೆ ಒಂದು ಕಿಲೋ ಬಣ್ಣದಲ್ಲಿ 90 ಮಿಲಿಗ್ರಾಂ. ಅದಕ್ಕಿಂತ ಹೆಚ್ಚಿದ್ದ ಬಣ್ಣವನ್ನು ಮಾಡುವಂತಿಲ್ಲ, ವ್ಯಾಪಾರ ಮಾಡುವಂತಿಲ್ಲ, ಹೊರಗಿನಿಂದ ತರುವಂತಿಲ್ಲ. ಸೀಸ 90 ಪಿಪಿಎಂ ಮೀರಿಲ್ಲ ಎನ್ನುವ ಮಾತು ಡಬ್ಬಿಯ ಮೇಲೆ ಬರೆದಿರಬೇಕು. ಜೊತೆಗೆ ತಯಾರಕರ ಹೆಸರು-ವಿಳಾಸ, ತಯಾರಾದ ತಾರೀಖು. ಬಹುತೇಕ ಇಂಗ್ಲಿಷಿನಲ್ಲಿಯೇ ಇರುತ್ತದೆ. ಓದಲು ಬಾರದಿದ್ದರೆ 90 ಅನ್ನುವ ಅಂಕಿ ಹುಡುಕಿರಿ, ಶಾಲೆಗೆ ಹೋಗುವ ಮಗಳ ಕೈಯಿಂದ ಓದಿಸಿರಿ.

ನಿಯಮ ಮುರಿದರೆ ಮೊದಲು ಜೈಲು ಶಿಕ್ಷೆ ಇತ್ತು. 2023ರ ತಿದ್ದುಪಡಿ 2024ರ ಏಪ್ರಿಲ್‌ನಿಂದ ಜಾರಿಯಾದ ಮೇಲೆ ಜೈಲಿನ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ. ಈ ದಂಡ ಸರ್ಕಾರಕ್ಕೆ ಹೋಗುತ್ತದೆ, ಕೇಡಾದ ಮಗುವಿನ ಮನೆಗೆ ಬರುವುದಿಲ್ಲ. ಇದನ್ನು ನೆನಪಿಡಬೇಕು. ಪರಿಹಾರ ಬೇಕಾದರೆ ಬೇರೆ ಬಾಗಿಲು ಬಡಿಯಬೇಕು. ಆ ಬಾಗಿಲು ಗ್ರಾಹಕರ ಕಾನೂನು.

ಗ್ರಾಹಕ ಸಂರಕ್ಷಣಾ ಕಾಯ್ದೆ 2019, 2020ರ ಜುಲೈನಿಂದ ಜಾರಿಯಲ್ಲಿದೆ. ಅದರಲ್ಲಿ ‘ಉತ್ಪನ್ನದ ಹೊಣೆಗಾರಿಕೆ’ ಅಂತ ಒಂದು ಅಧ್ಯಾಯವೇ ಇದೆ. ದೋಷವಿದ್ದ ಮಾಲಿನಿಂದ ಮೈಗೆ ಕೇಡಾದರೆ ಅದನ್ನು ಮಾಡಿದವರು ಪರಿಹಾರ ಕೊಡಬೇಕು. ಮಾಲಿನಲ್ಲಿ ದೋಷ ಇದ್ದರೂ ಸರಿ, ಹೇಳಬೇಕಾದ ಎಚ್ಚರಿಕೆ ಡಬ್ಬಿ ಮೇಲೆ ಹೇಳದೆ ಬಿಟ್ಟಿದ್ದರೂ ಸರಿ. ಮಗುವಿನ ಪರವಾಗಿ ತಂದೆ-ತಾಯಿ ದೂರು ಕೊಡಬಹುದು. ಮಾರಿದವರು ತಪ್ಪಿಸಿಕೊಳ್ಳಬಹುದೇ? ಸಾಮಾನ್ಯವಾಗಿ ‘ಕಂಪನಿ ಮಾಲು, ನಮಗೇನು ಗೊತ್ತು’ ಅಂತಾರೆ. ಆದರೆ ಮಾಲು ಯಾರು ಮಾಡಿದರು ಅಂತಲೇ ಗೊತ್ತಿಲ್ಲದಿದ್ದರೆ ಕಾನೂನು ಮಾರಿದವರನ್ನೇ ಹಿಡಿಯುತ್ತದೆ. ದೊಡ್ಡ ಡಬ್ಬಿಯಿಂದ ತೆಗೆದು ಲೇಬಲ್ ಇಲ್ಲದ ಸಣ್ಣ ಡಬ್ಬಿಯಲ್ಲಿ ಕೊಟ್ಟ ಬಿಡಿ ಬಣ್ಣಕ್ಕೆ ಇದು ನೇರವಾಗಿ ಹೊಂದುತ್ತದೆ. ಕೂಲಿ ಗುತ್ತಿಗೆ ಹಿಡಿದು ಮನೆಗೆ ಬಣ್ಣ ಹಚ್ಚುವವರು ಕೂಡ ಸೇವೆ ಕೊಡುವವರು ಎಂಬ ಲೆಕ್ಕಕ್ಕೆ ಬರುತ್ತಾರೆ.

ಒಂದು ಸೂಕ್ಷ್ಮ ಇದೆ. 2016ರ ನಿಯಮ ಮನೆ ಬಣ್ಣಕ್ಕೆ ಮಾತ್ರ. ಗಾಡಿ, ಯಂತ್ರ, ಕಾರ್ಖಾನೆಗೆ ಹಚ್ಚುವ ಬಣ್ಣ ಅದರ ಹೊರಗೆ ಇದೆ. ಟ್ರ್ಯಾಕ್ಟರ್ ಟ್ರೇಲರಿಗೆ ತಂದ ಬಣ್ಣ ಉಳಿಯಿತು ಅಂತ ಕಿಟಕಿಗೆ ಹಚ್ಚಿದರೆ ಆ ಕಂಪನಿಯನ್ನು ಈ ನಿಯಮದಡಿ ಹಿಡಿಯಲಾಗದು. ಅಂಗಡಿಯವರು ‘ಮನೆಗೂ ನಡೀತದ, ಹಚ್ರಿ’ ಅಂತ ಹೇಳಿ ಕೊಟ್ಟಿದ್ದರೆ ಮಾತು ಬೇರೆ, ಆದರೆ ಹೇಳಿದ್ದಕ್ಕೆ ಸಾಕ್ಷಿ ಬೇಕು. ಬಿಲ್ಲಿನ ಮೇಲೆ ‘ಮನೆ ಬಾಗಿಲಿಗೆ’ ಅಂತ ಬರೆಸಿಕೊಂಡಿರಿ ಅಂದ್ರೆ ಸಾಕ್ಷಿ ಆಯಿತು.

ಕಾನೂನು ಬಂತು, ಎಲ್ಲ ಡಬ್ಬಿ ಶುದ್ಧವಾಯಿತು ಅಂತ ತಿಳಿಯಬೇಡಿರಿ. ದಿಲ್ಲಿಯ ಟಾಕ್ಸಿಕ್ಸ್ ಲಿಂಕ್ ಎಂಬ ಸಂಸ್ಥೆ ವರ್ಷಗಳಿಂದ ಅಂಗಡಿಗಳ ಬಣ್ಣ ತಂದು ಪರೀಕ್ಷೆ ಮಾಡಿಸುತ್ತ ಬಂದಿದೆ. ನಿಯಮ ಬಂದ ಮೇಲೂ ಸಣ್ಣ ತಯಾರಕರ ಬಣ್ಣಗಳಲ್ಲಿ ಮಿತಿ ಮೀರಿದ ಸೀಸ ಸಿಕ್ಕಿದೆ. ನಮ್ಮ ಊರುಗಳ ಅಂಗಡಿಯಲ್ಲಿ ಅಗ್ಗಕ್ಕೆ ಬರುವುದು ಇಂಥ ಸಣ್ಣ ತಯಾರಕರ ಮಾಲೇ.

ಹಳೆ ಬಣ್ಣದ ಜವಾಬ್ದಾರಿ ಯಾರದು?

ಇಲ್ಲಿ ಮಾತು ತೊಡಕಾಗುತ್ತದೆ. 2017ರ ಮುಂಚೆ ಹಚ್ಚಿದ ಬಣ್ಣ ನಮ್ಮ ಮನೆಗಳಲ್ಲಿ ಪದರ ಪದರವಾಗಿ ಕೂತಿದೆ. ಅದನ್ನು ತೆಗೆಸಬೇಕು, ಬಾಡಿಗೆಗೆ ಕೊಡುವ ಮುಂಚೆ ಪರೀಕ್ಷೆ ಮಾಡಿಸಬೇಕು ಅಂತ ಹೇಳುವ ಪ್ರತ್ಯೇಕ ಕಾನೂನು ಭಾರತದಲ್ಲಿ ಇಲ್ಲ.

ಬೇರೆ ದೇಶದಲ್ಲಿ ಇದೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಗಿಬ್ಸನ್ ಎಂಬ ಕಣ್ಣಿನ ಡಾಕ್ಟರು 1904ರಲ್ಲಿಯೇ, ಮಕ್ಕಳಿಗೆ ಸೀಸ ತಗಲುವುದು ಪಡಸಾಲೆಯ ಕಟಕಟೆಯ ಬಣ್ಣದಿಂದ ಅಂತ ಬರೆದರು. ಮಕ್ಕಳ ಕೈಗೆ ಸಿಗುವ ಜಾಗದಲ್ಲಿ ಸೀಸದ ಬಣ್ಣ ಬೇಡ ಎಂಬ ಕಾನೂನು ಅಲ್ಲಿ 1922ರಲ್ಲಿ ಬಂತು. ಅಮೆರಿಕ 1978ರಲ್ಲಿ ಮನೆ ಬಣ್ಣದ ಸೀಸ ನಿಲ್ಲಿಸಿತು. 1992ರ ಇನ್ನೊಂದು ಕಾನೂನಿನ ಪ್ರಕಾರ 1996ರಿಂದ ಅಲ್ಲಿ 1978ಕ್ಕಿಂತ ಹಳೆಯ ಮನೆ ಮಾರುವವರು, ಬಾಡಿಗೆಗೆ ಕೊಡುವವರು ತಮಗೆ ಗೊತ್ತಿರುವ ಸೀಸದ ಬಣ್ಣದ ವಿಷಯವನ್ನು ಕರಾರಿಗೆ ಮುಂಚೆ ಬರೆದು ಹೇಳಲೇಬೇಕು. ಹೇಳದಿದ್ದರೆ ದಂಡ, ಮೇಲೆ ಪರಿಹಾರ. ಕ್ಯಾಲಿಫೋರ್ನಿಯದ ಹತ್ತು ಜಿಲ್ಲೆ-ನಗರಗಳು ಸೇರಿ ಬಣ್ಣದ ಮೂರು ದೊಡ್ಡ ಕಂಪನಿಗಳ ಮೇಲೆ ನಡೆಸಿದ ಖಟ್ಲೆ 2000ದಲ್ಲಿ ಶುರುವಾಗಿ 2019ರಲ್ಲಿ 30 ಕೋಟಿ 50 ಲಕ್ಷ ಡಾಲರಿಗೆ ರಾಜಿಯಾಗಿ ಮುಗಿಯಿತು. ಅಲ್ಲಿನ ಕೋರ್ಟ್ ನೋಡಿದ್ದು ಒಂದೇ ಮಾತು: ಮಕ್ಕಳಿಗೆ ಕೇಡು ಅಂತ ಗೊತ್ತಿದ್ದೂ ಮನೆಯೊಳಗೆ ಹಚ್ಚಿರಿ ಅಂತ ಪ್ರಚಾರ ಮಾಡಿದಿರೋ ಇಲ್ಲವೋ?

ಗೊತ್ತಿತ್ತೋ ಇಲ್ಲವೋ, ಗೊತ್ತಿದ್ದೂ ಮುಚ್ಚಿಟ್ಟರೋ? ನಮ್ಮ ದೇಶದ ಹಳೆಯ ಕಾನೂನೂ ಇದೇ ಪ್ರಶ್ನೆ ಕೇಳುತ್ತದೆ. ಆಸ್ತಿ ವರ್ಗಾವಣೆ ಕಾಯ್ದೆ, ಇಸವಿ 1882. ಅದರ 108ನೇ ಕಲಮು ಬಾಡಿಗೆಗೆ ಕೊಡುವವರ ಕರ್ತವ್ಯ ಹೇಳುತ್ತದೆ. ಮನೆಯ ಬಳಕೆಗೆ ಸಂಬಂಧಿಸಿದ ದೊಡ್ಡ ದೋಷವೊಂದು ಮಾಲೀಕರಿಗೆ ಗೊತ್ತಿದೆ, ಬಾಡಿಗೆದಾರರಿಗೆ ಗೊತ್ತಿಲ್ಲ, ಸಾಮಾನ್ಯ ಎಚ್ಚರದಿಂದ ನೋಡಿದರೂ ಅವರಿಗೆ ಕಾಣಿಸುವಂತಿಲ್ಲ ಎಂದಾದರೆ ಮಾಲೀಕರು ಅದನ್ನು ಬಿಚ್ಚಿ ಹೇಳಬೇಕು. ಮನೆ ಮಾರುವವರಿಗೆ 55ನೇ ಕಲಮಿನಲ್ಲಿ ಇಂಥದ್ದೇ ಮಾತು ಇದೆ. ಈ ಕಾನೂನು ಬರೆದವರ ಮನಸ್ಸಿನಲ್ಲಿ ಸೀಸ ಇರಲಿಲ್ಲ. ಆದರೆ ಬಣ್ಣದೊಳಗಿನ ಸೀಸ ಕಣ್ಣಿಗೆ ಕಾಣುವುದಿಲ್ಲ, ಸಣ್ಣ ಮಕ್ಕಳಿರುವ ಮನೆಗೆ ಅದು ಸಣ್ಣ ದೋಷವೂ ಅಲ್ಲ. ಹೀಗಾಗಿ ಈ ಕಲಮಿಗೆ ಅದು ಹೊಂದುತ್ತದೆ ಎನ್ನುವುದು ನಮ್ಮ ಅಭಿಪ್ರಾಯ.

ಹಾಗಾದರೆ ತೊಡಕು ಎಲ್ಲಿ? ‘ಮಾಲೀಕರಿಗೆ ಗೊತ್ತಿದೆ’ ಎನ್ನುವ ಮಾತಿನಲ್ಲಿ. ಒಂದು ಉದಾಹರಣೆ ತಿಳಿಯೋಣ. ನಿಪ್ಪಾಣಿಯ ಹಳೆಯ ವಾಡೆಯೊಂದರಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು ಬೀಡಿ ಕಟ್ಟುವ ಒಬ್ಬ ತಾಯಿ ಇದ್ದಾಳೆ ಅಂತ ಇಟ್ಟುಕೊಳ್ಳಿರಿ. ದಿನವೆಲ್ಲ ಕಿಟಕಿಯ ಬುಡದಲ್ಲಿ ಕೂತು ಕೆಲಸ, ಒಂದೂವರೆ ವರ್ಷದ ಕೂಸು ಅಲ್ಲೇ ಪಕ್ಕಕ್ಕೆ. ಕಿಟಕಿಯ ಹಸಿರು ಬಣ್ಣ ಸಿಪ್ಪೆ ಸಿಪ್ಪೆಯಾಗಿ ಉದುರುತ್ತಿದೆ. ನಾಳೆ ಕೂಸಿನ ರಕ್ತದಲ್ಲಿ ಸೀಸ ಹೆಚ್ಚು ಅಂತ ವರದಿ ಬಂದರೆ ಮಾಲೀಕರು ಏನಂತಾರೆ? ‘ನನಗ ಏನ್ ಗೊತ್ತಿತ್ತವ್ವಾ, ಬಣ್ಣ ನಮ್ಮ ಅಜ್ಜನ ಕಾಲದ್ದು.’ ಕೋರ್ಟಿನಲ್ಲಿ ಈ ಮಾತು ನಿಲ್ಲುತ್ತದೆ. ಆದರೆ ಆ ತಾಯಿ ಆರು ತಿಂಗಳ ಮುಂಚೆ ಒಂದು ಚೀಟಿ ಬರೆದು ‘ಬಣ್ಣ ಉದುರುತ್ತಿದೆ, ಸೀಸ ಇರಬಹುದು, ಸರಿ ಮಾಡಿಸಿರಿ’ ಅಂತ ಕೊಟ್ಟು, ಅದರ ನಕಲು ಇಟ್ಟುಕೊಂಡಿದ್ದರೆ? ಆ ದಿನದಿಂದ ಮಾಲೀಕರಿಗೆ ಗೊತ್ತಿದೆ. ಗೊತ್ತಿದ್ದೂ ಸುಮ್ಮನಿದ್ದರೆ ಅದು ಅಲಕ್ಷ್ಯ. ಅಲಕ್ಷ್ಯದಿಂದ ಆದ ಕೇಡಿಗೆ ಸಿವಿಲ್ ಕೋರ್ಟಿನಲ್ಲಿ ಪರಿಹಾರ ಕೇಳಬಹುದು. ಬಾಯಿಮಾತಿನಲ್ಲಿ ಹತ್ತು ಸಲ ಹೇಳಿದ್ದಕ್ಕಿಂತ ಒಂದು ಚೀಟಿ ಗಟ್ಟಿ.

ಚೀಟಿ ಹೇಗಿರಬೇಕು? ದೊಡ್ಡ ಭಾಷೆ ಬೇಡ. ಹೀಗೆ ಬರೆದರೆ ಸಾಕು:

‘ಮನೆ ಮಾಲೀಕರಿಗೆ ನಮಸ್ಕಾರಗಳು. ನಿಮ್ಮ ಮನೆಯಲ್ಲಿ ನಾವು ಇಂಥ ತಾರೀಖಿನಿಂದ ಬಾಡಿಗೆಗೆ ಇದ್ದೇವೆ. ಮುಂದಿನ ಬಾಗಿಲು ಮತ್ತು ಎರಡು ಕಿಟಕಿಗಳ ಹಳೆಯ ಆಯಿಲ್ ಪೇಂಟ್ ಸಿಪ್ಪೆ ಎದ್ದು ಉದುರುತ್ತಿದೆ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದ್ದು, ಮನೆಯಲ್ಲಿ ಇಷ್ಟು ವರ್ಷದ ಸಣ್ಣ ಮಗು ಇದೆ. ಈ ಬಣ್ಣದ ಬಗ್ಗೆ ನಿಮಗೆ ಗೊತ್ತಿರುವುದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಧೂಳು ಹಬ್ಬದ ರೀತಿಯಲ್ಲಿ ದುರಸ್ತಿ ಮಾಡಿಸಬೇಕು ಎಂದು ಕೇಳಿಕೊಳ್ಳುತ್ತೇವೆ.’

ಕೆಳಗೆ ಸಹಿ, ತಾರೀಖು. ನಕಲಿನ ಮೇಲೆ ಮಾಲೀಕರ ಸಹಿ ತೆಗೆದುಕೊಳ್ಳಿರಿ. ಸಹಿ ಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀತಿ ಇಡಿರಿ. ಉದುರುವ ಬಣ್ಣದ ಫೋಟೋ ಮೊಬೈಲಿನಲ್ಲಿ ತೆಗೆದಿಡಿರಿ. ಇದು ಜಗಳದ ಕಾಗದ ಅಲ್ಲ. ಬಹಳ ಮಾಲೀಕರು ಓದಿದ ಕೂಡಲೇ ಪೇಂಟರನ್ನು ಕಳಿಸಿಬಿಡಬಹುದು.

‘ನಾವೇ ಸರಿ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದಾ?’ ಅಂತ ಕೇಳುವವರು ಇರುತ್ತಾರೆ. ಅದೇ 108ನೇ ಕಲಮಿನಲ್ಲಿ ಅದಕ್ಕೂ ದಾರಿ ಇದೆ. ಮಾಲೀಕರು ಮಾಡಲೇಬೇಕಾದ ದುರಸ್ತಿಯನ್ನು ನೋಟೀಸು ಕೊಟ್ಟು ತಕ್ಕಷ್ಟು ಸಮಯ ಕಳೆದರೂ ಮಾಡದಿದ್ದರೆ ಬಾಡಿಗೆದಾರರು ಮಾಡಿಸಿ ಖರ್ಚನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಹಿಡಿಯಬಹುದು. ಆದರೆ ಬಣ್ಣದ ಕೆಲಸ ಮಾಲೀಕರು ‘ಮಾಡಲೇಬೇಕಾದ್ದು’ ಹೌದೋ ಅಲ್ಲವೋ ಎನ್ನುವುದು ಕರಾರಿನ ಮೇಲೆ ನಿಂತಿದೆ. ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಕರಾರೇ ಮೇಲು. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಗೋಡೆಗೆ ಸುಣ್ಣ, ಬಾಗಿಲು-ಕಿಟಕಿಗೆ ಬಣ್ಣ ಮಾಲೀಕರ ಕೆಲಸ ಎಂದು ಬರೆದಿದೆ. ಅದು ಬರೀ ಮಾದರಿ, ರಾಜ್ಯ ಒಪ್ಪಿ ಕಾನೂನು ಮಾಡಿದರೆ ಮಾತ್ರ ಕಟ್ಟುತ್ತದೆ. ಹಾಗಾಗಿ ಹೊಸ ಕರಾರು ಪತ್ರ ಬರೆಸುವಾಗ ಎರಡು ಸಾಲು ಸೇರಿಸಿರಿ: ಬಾಗಿಲು-ಕಿಟಕಿಯ ಬಣ್ಣ ಮಾಲೀಕರು ಮಾಡಿಸಬೇಕು, ಹಚ್ಚುವ ಬಣ್ಣ 90 ಪಿಪಿಎಂ ಎಂದು ಬರೆದದ್ದೇ ಇರಬೇಕು. ಕರಾರೇ ಇಲ್ಲದೆ, ಡಿಪಾಸಿಟ್ ಕೊಟ್ಟದ್ದಕ್ಕೆ ಚೀಟಿಯೂ ಇಲ್ಲದೆ ಮನೆ ಹಿಡಿಯುವುದು ನಮ್ಮ ಕಡೆ ನಡೆದೇ ಇದೆ. ಅದು ಸೀಸಕ್ಕಷ್ಟೇ ಅಲ್ಲ, ಎಲ್ಲದಕ್ಕೂ ಕೆಟ್ಟದ್ದು.

ಈಗ ನಾವೇ ಮಾಲೀಕರಾಗಿದ್ದರೆ? ಈ ಬರಹ ಓದಿದ ಮೇಲೆ ‘ನಮಗೆ ಗೊತ್ತಿರಲಿಲ್ಲ’ ಅನ್ನುವುದು ನಮ್ಮ ಸದಸ್ಯರಿಗೂ ಕಷ್ಟ. ಕೋಣೆ ಕೊಡುವ ಮುಂಚೆ ‘ಬಾಗಿಲ ಬಣ್ಣ ಹಳೇದು ಐತಿ, ಸೀಸ ಇರಬಹುದು, ಕೂಸಿನ್ನ ಹುಷಾರ್ ಇಡ್ರಿ’ ಅಂತ ಹೇಳಿ, ಕರಾರಿನಲ್ಲಿ ಒಂದು ಸಾಲು ಬರೆಸಿದರೆ ಹೇಳುವ ಕರ್ತವ್ಯ ಮುಗಿಯಿತು. ಬಾಡಿಗೆ ಹೋದೀತು ಅಂತ ಅಂಜಿಕೆ ಬರುತ್ತದೆ, ಸಹಜ. ಅದಕ್ಕಿಂತ ಹೊಸ ಬಣ್ಣದ ಒಂದು ಪದರ ಹಾಕಿಸಿ ಹಳೆಯದನ್ನು ಒಳಗೆ ಮುಚ್ಚಿಬಿಟ್ಟರೆ ಇನ್ನೂ ಒಳ್ಳೆಯದು, ಹಳೆ ಬಣ್ಣ ಗಟ್ಟಿಯಾಗಿ ಕೂತಿದ್ದರೆ ಮಾತ್ರ.

ಪ್ರವಾಹ, ಹಳೆ ಬಾಗಿಲು, ಬಚ್ಚಲ ಒಲೆ

2019ರ ಆಗಸ್ಟಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿ ನಮ್ಮ ಐದೂ ತಾಲೂಕುಗಳ ಹೊಳೆದಂಡೆ ಊರುಗಳಲ್ಲಿ ಮನೆಗಳು ಬಿದ್ದವು. ಮನೆ ಮತ್ತೆ ಕಟ್ಟುವಾಗ ಬಿದ್ದ ಮನೆಯ ಸಾಗವಾನಿ ಬಾಗಿಲು, ಚೌಕಟ್ಟು ಯಾರು ಬಿಡುತ್ತಾರೆ? ಕೆರೆದು, ಉಜ್ಜಿ, ಹೊಸ ಮನೆಗೆ ಕೂಡಿಸುತ್ತೇವೆ. ಕೂಡಿಸಲು ಬಾರದ ಹಲಗೆ ಬಚ್ಚಲ ಒಲೆಗೆ ಹೋಗುತ್ತದೆ, ನೀರು ಕಾಯಿಸಲು. ಸೀಸದ ವಿಷಯದಲ್ಲಿ ಇವೆರಡೂ ಬಹಳ ಅಪಾಯದ ಕೆಲಸ. ಒಣಗಿದ ಬಣ್ಣವನ್ನು ಪಾಲಿಶ್ ಪೇಪರಿನಿಂದ ಉಜ್ಜಿದರೆ ಹಿಟ್ಟಿನಂಥ ಧೂಳು ಏಳುತ್ತದೆ. ಬಣ್ಣದ ಕಟ್ಟಿಗೆ ಸುಟ್ಟರೆ ಸೀಸ ಹೊಗೆಯಲ್ಲಿಯೂ ಬೂದಿಯಲ್ಲಿಯೂ ಇರುತ್ತದೆ. ಆ ಬೂದಿಯಲ್ಲಿ ಪಾತ್ರೆ ತಿಕ್ಕುವವರು ಇದ್ದಾರೆ, ಹಿತ್ತಲ ಪಲ್ಯದ ಮಡಿಗೆ ಹಾಕುವವರೂ ಇದ್ದಾರೆ. ದಯವಿಟ್ಟು ಬೇಡ.

ಕೆರೆಯಲೇಬೇಕಾದರೆ ಮೊದಲು ನೀರು ಚಿಮುಕಿಸಿ ತೋಯಿಸಿಕೊಂಡು ಕೆರೆಯಿರಿ, ಕೆಳಗೆ ಪ್ಲಾಸ್ಟಿಕ್ ತಾಡಪಾಲು ಹಾಸಿರಿ. ಬೆಂಕಿ ಹಿಡಿದು ಬಣ್ಣ ಸುಲಿಯಬೇಡಿರಿ. ಕಸಬರಿಗೆಯಿಂದ ಗುಡಿಸಬೇಡಿರಿ, ಹಸಿ ಅರಿವೆಯಿಂದ ಎರಡು ಸಲ ಒರೆಸಿರಿ. ಬಸುರಿ ಹೆಂಗಸು, ಸಣ್ಣ ಮಕ್ಕಳು ಕೆಲಸ ಮುಗಿದು ನೆಲ ಒರೆಸುವ ತನಕ ಬೇರೆ ಮನೆಯಲ್ಲಿ ಇರಲಿ. ಪೇಂಟರ್ ಕೆಲಸಕ್ಕೆ ಹೋಗುವ ಗಂಡಸರು ಅದೇ ಅಂಗಿಯಲ್ಲಿ ಬಂದು ಕೂಸನ್ನು ಎತ್ತಿಕೊಳ್ಳುತ್ತಾರಲ್ಲ, ಮೊದಲು ಕೈ-ಮುಖ ತೊಳೆದು ಅಂಗಿ ಬದಲಿಸಲಿ. ಅವರಿಗೂ ಕಾನೂನಿನಲ್ಲಿ ಜಾಗ ಇದೆ. ಸೀಸದ ವಿಷ ಏರುವುದು 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಕೆಲಸದಿಂದ ಬರುವ ರೋಗವಾಗಿತ್ತು. 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಪಟ್ಟಿಯಲ್ಲಿಯೂ ಇದೆ. ಅಂದ್ರೆ ಕೆಲಸಕ್ಕೆ ಇಟ್ಟುಕೊಂಡ ಗುತ್ತಿಗೆದಾರರು ಪರಿಹಾರಕ್ಕೆ ಹೊಣೆ ಆಗುತ್ತಾರೆ. ನಮ್ಮ ಸಂಘವೇ ಅಂಗನವಾಡಿಗೋ ಶಾಲೆಗೋ ಬಣ್ಣ ಹಚ್ಚುವ ಗುತ್ತಿಗೆ ಹಿಡಿದರೆ ಆ ಹೊಣೆ ಸಂಘದ ಮೇಲೆ ಬರುತ್ತದೆ. ಠರಾವು ಬರೆಯುವ ಮುಂಚೆ ಇದನ್ನು ಸಭೆಯಲ್ಲಿ ಮಾತಾಡಿರಿ.

ಅಂಗನವಾಡಿಯ ಕಿಟಕಿ-ಬಾಗಿಲ ಬಣ್ಣ ಉದುರುತ್ತಿದ್ದರೆ ಅದೇ ಚೀಟಿಯ ಉಪಾಯ ಅಲ್ಲಿಯೂ ನಡೆಯುತ್ತದೆ. ಸಂಘದ ಲೆಟರ್‌ಹೆಡ್‌ನಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಬರೆದು, ಗ್ರಾಮ ಪಂಚಾಯಿತಿಗೆ ಒಂದು ಪ್ರತಿ ಕೊಟ್ಟು, ಎರಡಕ್ಕೂ ಸ್ವೀಕೃತಿ ಪಡೆಯಿರಿ. ಸರ್ಕಾರಿ ಯೋಜನೆಯಲ್ಲಿ ಮನೆ ಕಟ್ಟಿಸಿಕೊಳ್ಳುವ ಸದಸ್ಯರ ವಿಷಯ ಬೇರೆ. ಬಸವ ವಸತಿ ಇರಲಿ, ಆವಾಸ್ ಇರಲಿ, ಹಣ ನಮ್ಮ ಖಾತೆಗೆ ಬಂದು ಬಣ್ಣ ನಾವೇ ಆರಿಸಿ ತಂದರೆ ಡಬ್ಬಿ ನೋಡುವ ಜವಾಬ್ದಾರಿಯೂ ನಮ್ಮದೇ.

ದೂರು ಎಲ್ಲಿ, ಹೇಗೆ?

ಬಣ್ಣದ ಕಂಪನಿ ಅಥವಾ ಅಂಗಡಿಯ ಮೇಲೆ ಆದರೆ ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗ. ನಾವು ವಾಸ ಇರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು, ಕಂಪನಿ ಯಾವ ಊರಿನದಾದರೂ ಸರಿ. ಮಾಲಿಗೆ ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ಅರ್ಜಿಗೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ಬಣ್ಣದಲ್ಲಿ ಸೀಸ ಎಷ್ಟಿದೆ ಎಂದು ತಿಳಿಯಲು ಆಯೋಗವೇ ಸ್ಯಾಂಪಲ್ ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸಬಹುದು, ಅದರ ಖರ್ಚು ಮಾತ್ರ ಮೊದಲು ನಾವು ಕಟ್ಟಬೇಕಾಗುತ್ತದೆ. ಅದಕ್ಕಾಗಿ ಬಿಲ್ಲು ಇಡಿರಿ, ಡಬ್ಬಿಯ ತಳದಲ್ಲಿ ಉಳಿದ ಬಣ್ಣ ಮುಚ್ಚಳ ಬಿಗಿದು ಮಕ್ಕಳ ಕೈಗೆ ಸಿಗದ ಕಡೆ ಇಡಿರಿ. ಖಾಲಿ ಡಬ್ಬಿಯಲ್ಲಿ ಜೋಳ-ಬೇಳೆ ತುಂಬಿಡುವ ರೂಢಿಯನ್ನಂತೂ ಬಿಟ್ಟುಬಿಡಿರಿ. ಕೇಳಿ ತಿಳಿಯಲು ಗ್ರಾಹಕರ ಸಹಾಯವಾಣಿ 1915.

ಮನೆ ಮಾಲೀಕರ ಜೊತೆಗಿನ ವ್ಯಾಜ್ಯ ಗ್ರಾಹಕರ ಆಯೋಗಕ್ಕೆ ಹೋಗುವುದಿಲ್ಲ, ಸಿವಿಲ್ ಕೋರ್ಟಿಗೆ ಹೋಗುತ್ತದೆ. ಅಲ್ಲಿ ವಕೀಲರ ಫೀ ಎಲ್ಲಿಂದ ತರೋಣ ಅನ್ನಬೇಡಿರಿ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ ಉಚಿತ ವಕೀಲರು ಸಿಗುತ್ತಾರೆ, ವರ್ಷದ ಆದಾಯ ಎಷ್ಟೇ ಇದ್ದರೂ. ತಾಲೂಕು ಕೋರ್ಟಿನ ಆವರಣದಲ್ಲಿ ತಾಲೂಕು ಕಾನೂನು ಸೇವೆಗಳ ಸಮಿತಿ ಎಲ್ಲಿದೆ ಅಂತ ಕೇಳಿರಿ, ಇಲ್ಲವೇ 15100ಕ್ಕೆ ಫೋನ್ ಮಾಡಿರಿ. ಮೊದಲು ರಾಜಿಗೂ ಅಲ್ಲಿ ಕರೆಯುತ್ತಾರೆ. ಮಗುವಿಗೆ ಆದ ಕೇಡು ತಡವಾಗಿ ಗೊತ್ತಾದರೆ? ಸಿವಿಲ್ ದಾವೆಯ ಕಾಲಮಿತಿ ಅಪ್ರಾಪ್ತ ಮಗುವಿಗೆ 18 ತುಂಬಿದ ಮೇಲೆ ಎಣಿಸಲು ಅವಕಾಶ ಇದೆ. ಆದರೆ ಅಷ್ಟು ದಿನ ಕಾದರೆ ಸಾಕ್ಷಿ ಎಲ್ಲಿ ಉಳಿದೀತು?

ಕಾನೂನಿಗೂ ಮೊದಲು ಮಗುವನ್ನು ನೋಡಬೇಕು. ಬಣ್ಣ ತಿನ್ನುವ, ಮಣ್ಣು ತಿನ್ನುವ ಅಭ್ಯಾಸ ಇದ್ದರೆ, ಮನೆಯಲ್ಲಿ ಹಳೆ ಬಣ್ಣ ಉದುರುತ್ತಿದ್ದರೆ ಡಾಕ್ಟರಿಗೆ ಅದನ್ನು ಬಿಡಿಸಿ ಹೇಳಿರಿ, ‘ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆಗೆ ಬರೆದುಕೊಡ್ರಿ’ ಅಂತ ಕೇಳಿರಿ. ನಾವು ಹೇಳದಿದ್ದರೆ ಅವರಿಗೆ ಹೊಳೆಯುವುದು ಕಷ್ಟ. ಮಗುವಿಗೆ ಹಾಲು-ಮೊಸರು, ಸೊಪ್ಪು, ಎಳ್ಳು, ಕಾಳು ಹೊಟ್ಟೆ ತುಂಬ ಸಿಗಲಿ, ಖಾಲಿ ಹೊಟ್ಟೆಯಲ್ಲಿ ಸೀಸ ಬೇಗ ಏರುತ್ತದೆ. ವರದಿ ಬಂದರೆ ಮೂಲ ಪ್ರತಿ ಯಾರಿಗೂ ಕೊಡಬೇಡಿರಿ, ಝೆರಾಕ್ಸ್ ಕೊಡಿರಿ. ಬಾಡಿಗೆ ಕರಾರು, ಮಾಲೀಕರಿಗೆ ಬರೆದ ಚೀಟಿಯ ನಕಲು, ಬಣ್ಣದ ಬಿಲ್ಲು, ಫೋಟೋ, ಈ ವರದಿ, ಎಲ್ಲವನ್ನೂ ಸಂಘದ ಪಾಸ್‌ಬುಕ್ ಇಡುವ ಚೀಲದಲ್ಲಿಯೇ ಕೂಡಿಸಿ ಇಡಿರಿ.